ಐದನೇ ಸೆಮ್‌ಗೆ ಎಕನಾಮಿಕ್ಸ್ ಎಲೆಕ್ಟಿವ್ ಯಾವುದು ತಗೊಳ್ಳಲಿ? ಸೋಮವಾರ ಫಾರ್ಮ್ ಕೊಡಬೇಕು

ಗೊರೂರು_ಹಿನ್ನೀರು
(ಗುರುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಬಿಎ ಓದುತ್ತಿದ್ದೇನೆ. ನಾಲ್ಕನೇ ಸೆಮ್ ಪರೀಕ್ಷೆ ಮುಗಿಯಿತು. ಅರ್ಥಶಾಸ್ತ್ರದಲ್ಲಿ ಐದು ಎಲೆಕ್ಟಿವ್ ಕೊಟ್ಟಿದ್ದಾರೆ. ಬ್ಯಾಂಕಿಂಗ್, ಕೃಷಿ ಅರ್ಥಶಾಸ್ತ್ರ, ಸಾರ್ವಜನಿಕ ಹಣಕಾಸು, ಲೇಬರ್ ಎಕನಾಮಿಕ್ಸ್, ಎಕನಾಮೆಟ್ರಿಕ್ಸ್ (ಅಂಕಿಅಂಶ ಹಿಡಿದು ಆರ್ಥಿಕ ಸಂಬಂಧಗಳನ್ನು ಅಳೆಯುವುದು). ಇದರಲ್ಲಿ ಎರಡು ಆರಿಸಬೇಕು.

ಮುಂದೆ ಏನಾಗಬೇಕು ಅಂತ ನೀವು ಕೇಳೇ ಕೇಳುತ್ತೀರಿ. ನಿಜ ಹೇಳಬೇಕೆಂದರೆ ಮೂರು ಮನಸ್ಸಿದೆ. ಕೆಎಎಸ್ ಬರೆಯಬೇಕು ಅಂತ ನನಗೆ. ಬ್ಯಾಂಕಿಗೆ ಹೋಗು ಅಂತ ಅಪ್ಪನಿಗೆ (ಚಿಲ್ಲರೆ ಅಂಗಡಿ ಇದೆ, ಬ್ಯಾಂಕಿನವರನ್ನು ದಿನಾ ನೋಡುತ್ತಾರೆ). ಎಂಎ ಮಾಡು, ಲೆಕ್ಚರರ್ ಆಗು ಅಂತ ನಮ್ಮ ಮೇಡಂ. ನನ್ನ ಗೆಳತಿಯರೆಲ್ಲ ಬ್ಯಾಂಕಿಂಗ್ ಮತ್ತು ಲೇಬರ್ ಹಾಕುತ್ತಿದ್ದಾರೆ, ಇಂಟರ್ನಲ್ ಮಾರ್ಕ್ಸ್ ಚೆನ್ನಾಗಿ ಬರುತ್ತಂತೆ. ಎಕನಾಮೆಟ್ರಿಕ್ಸ್ ಕಡೆ ತಲೆ ಹಾಕಿಯೂ ಮಲಗಬೇಡ ಅಂದರು ಸೀನಿಯರ್ಸ್. ಅದೂ ಅಲ್ಲದೆ 15 ಜನ ಸೇರದಿದ್ದರೆ ಆ ಪೇಪರ್ ನಡೆಸುವುದಿಲ್ಲವಂತೆ. ಎರಡು ವರ್ಷದಿಂದ ನಡೆದಿಲ್ಲ.

ನಾನು ಕನ್ನಡ ಮಾಧ್ಯಮ. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ 71 ಬಂದಿತ್ತು. ಆಮೇಲೆ ಗಣಿತ ಮುಟ್ಟಿಲ್ಲ.

ನಿವೃತ್ತ_ಮ್ಯಾನೇಜರ್
(ಗುರುವಾರ, ರಾತ್ರಿ 10:15)

ತಾಯಿ, ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿದವನು ನಾನು. ನಿಮ್ಮ ತಂದೆಯವರಿಗೆ ಈ ಮಾತು ಓದಿ ಹೇಳು. ಬ್ಯಾಂಕಿಗೆ ಸೇರಲು ಬ್ಯಾಂಕಿಂಗ್ ಎಲೆಕ್ಟಿವ್ ಬೇಕಿಲ್ಲ. ಪಿಒ (ಪ್ರೊಬೇಷನರಿ ಆಫೀಸರ್) ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ. ಅಲ್ಲಿ ಕೇಳುವುದು ರೀಸನಿಂಗ್, ಲೆಕ್ಕ, ಇಂಗ್ಲಿಷ್, ಬ್ಯಾಂಕಿಂಗ್ ಕುರಿತ ಸಾಮಾನ್ಯ ಜ್ಞಾನ. ರೆಪೊ ದರ ಅಂದರೇನು, ಸಿಆರ್‌ಆರ್ ಅಂದರೇನು ಎಂಬುದನ್ನು ಆರು ತಿಂಗಳು ಪೇಪರ್ ಓದಿದರೆ ಕಲಿಯಬಹುದು. ಅದಕ್ಕೆ ಒಂದು ಎಲೆಕ್ಟಿವ್ ಖರ್ಚು ಮಾಡಬೇಡ.

ಹಾಸನದವಳು ಅಂತೀಯ. ಒಂದು ಕಥೆ ಹೇಳುತ್ತೇನೆ. ನಿಮ್ಮ ಕಡೆಯ ಒಂದು ಶಾಖೆಯಲ್ಲಿ ನಾನು ಇದ್ದಾಗ ಹೊಸ ಆಫೀಸರ್ ಒಬ್ಬ ಬಂದ. ಬಿಕಾಂ, ತುಂಬಾ ಚುರುಕು. ಶುಂಠಿ ಬೆಳೆಗೆ ಸಾಲ ಕೇಳಿ ರೈತರೊಬ್ಬರು ಬಂದರು. ಎಕರೆಗೆ ಎಷ್ಟು ಕೊಡಬೇಕು ಅಂತ ಸ್ಕೇಲ್ ಆಫ್ ಫೈನಾನ್ಸ್ ಪಟ್ಟಿ ಇರುತ್ತದೆ, ಅದನ್ನು ಜಿಲ್ಲಾ ಮಟ್ಟದ ಸಮಿತಿ ಪ್ರತಿವರ್ಷ ನಿಗದಿ ಮಾಡುತ್ತದೆ. ಪಟ್ಟಿ ನೋಡಿ ಇವನು ಲೆಕ್ಕ ಹಾಕಿದ, ಸರಿಯಾಗಿಯೇ ಹಾಕಿದ. ಆದರೆ ಆ ವರ್ಷ ಶುಂಠಿ ಬೆಲೆ ಏರಿತ್ತು, ಊರಿಗೆ ಊರೇ ಶುಂಠಿ ಹಾಕಲು ಹೊರಟಿತ್ತು. ಎಲ್ಲರೂ ಹಾಕಿದರೆ ಮುಂದಿನ ವರ್ಷ ಮೂಟೆ ಬೆಲೆ ಏನಾಗುತ್ತದೆ, ಸಾಲ ಹೇಗೆ ವಾಪಸ್ ಬರುತ್ತದೆ ಎಂಬುದು ಅವನ ತಲೆಗೆ ಬರಲೇ ಇಲ್ಲ. ಕೊಳೆ ರೋಗ ಬೇರೆ. ಅದನ್ನು ಕೇಳುವ ಅಭ್ಯಾಸ ಅವನಿಗೆ ಯಾರೂ ಮಾಡಿಸಿರಲಿಲ್ಲ.

ಹಾಗಾಗಿ ಬ್ಯಾಂಕ್ ಬೇಕಿದ್ದರೆ ಕೃಷಿ ಅರ್ಥಶಾಸ್ತ್ರ ತಗೋ. ನಬಾರ್ಡ್ ಗ್ರೇಡ್ ಎ ಪರೀಕ್ಷೆಗೂ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ಭಾಗ ಇದೆ, ಅಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಬೆಣ್ಣೆದೋಸೆ_ಭಕ್ತ
(ಗುರುವಾರ, ರಾತ್ರಿ 10:22)

ನಮ್ಮ ಕಾಲದಲ್ಲಿ ಎಲೆಕ್ಟಿವೇ ಇರಲಿಲ್ಲ. ಕೊಟ್ಟಿದ್ದನ್ನು ಓದಬೇಕಿತ್ತು. ಸುಖವಾಗಿದ್ದೆವು.

ಹಾವೇರಿ_ಟು_ಹೆಬ್ಬಾಳ
(ಗುರುವಾರ, ರಾತ್ರಿ 11:05)

ಎಕನಾಮೆಟ್ರಿಕ್ಸ್. ಇನ್ನೊಂದು ಯಾವುದಾದರೂ ಹಾಕಿ, ತೊಂದರೆ ಇಲ್ಲ.

ಯಾಕೆ ಅಂತ ನನ್ನ ಕಥೆಯಲ್ಲೇ ಹೇಳುತ್ತೇನೆ. ನಾನೂ ಕನ್ನಡ ಮಾಧ್ಯಮ, ನಾನೂ ಮಾರ್ಕ್ಸ್ ಬರುವ ಪೇಪರ್ ಹುಡುಕಿದವನು. ಬಿಎ ಆಯಿತು, ಎಂಎ ಆಯಿತು, 74 ಪರ್ಸೆಂಟ್. ಬೆಂಗಳೂರಿನಲ್ಲಿ ಒಂದು ಸಂಶೋಧನಾ ಸಂಸ್ಥೆಗೆ ಇಂಟರ್‌ವ್ಯೂಗೆ ಹೋದೆ. ಒಂದು ಹಾಳೆ ಮುಂದಿಟ್ಟರು. ಅದರಲ್ಲಿ ಒಂದು ರಿಗ್ರೆಶನ್ ಟೇಬಲ್, ಅಂದರೆ ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅಂತ ತೋರಿಸುವ ಪಟ್ಟಿ. ಓದಿನ ವರ್ಷಕ್ಕೂ ಕೂಲಿಗೂ ಇರುವ ಸಂಬಂಧ. ಪಕ್ಕದಲ್ಲಿ 0.08 ಅಂತ ಇತ್ತು, ಅದರ ಮೇಲೆ ಎರಡು ನಕ್ಷತ್ರ. "ಇದನ್ನು ನಿಮ್ಮ ಅಮ್ಮನಿಗೆ ಅರ್ಥವಾಗುವ ಹಾಗೆ ಹೇಳಿ" ಅಂದರು. ನನಗೇ ಅರ್ಥವಾಗಿರಲಿಲ್ಲ. ಎಂಎನಲ್ಲಿ ಎಕನಾಮೆಟ್ರಿಕ್ಸ್ ಪೇಪರ್ ಪಾಸಾಗಿದ್ದೆ, ಸೂತ್ರ ಬಾಯಿಪಾಠ ಮಾಡಿ. ಕಂಪ್ಯೂಟರಿನಲ್ಲಿ ಒಂದು ಸಲವೂ ಓಡಿಸಿರಲಿಲ್ಲ.

ಆಮೇಲೆ ಒಂದೂವರೆ ವರ್ಷ ಪೇಯಿಂಗ್ ಗೆಸ್ಟ್ ರೂಮಿನಲ್ಲಿ ಕೂತು ಸ್ವಂತ ಕಲಿತೆ. ಈಗ ಡೇಟಾ ಅನಲಿಸ್ಟ್. ಆ ಒಂದೂವರೆ ವರ್ಷ ನಿಮಗೆ ಉಳಿಯಲಿ ಅಂತ ಹೇಳುತ್ತಿದ್ದೇನೆ. ಉಳಿದ ನಾಲ್ಕು ಎಲೆಕ್ಟಿವ್ ಮನೆಯಲ್ಲಿ ಪುಸ್ತಕ ಓದಿದರೂ ಬರುತ್ತವೆ.

ಫೈಲು_ಪಹಣಿ
(ಶುಕ್ರವಾರ, ಬೆಳಿಗ್ಗೆ 7:10)

ಮೇಲಿನವರ ಮಾತು ಅರ್ಧ ಒಪ್ಪುತ್ತೇನೆ. ಈಗ ಎಲ್ಲರ ಬಾಯಲ್ಲೂ ಡೇಟಾ ಡೇಟಾ. ಹಾಸನದ ಹುಡುಗಿ ಕೇಳಿದ್ದು ಕೆಎಎಸ್ ಬಗ್ಗೆ ಅಲ್ವಾ?

ನಾನು ಗ್ರಾಮ ಆಡಳಿತ ಅಧಿಕಾರಿ, ಕೆಎಎಸ್‌ಗೆ ಓದುತ್ತಿದ್ದೇನೆ. ಮೊದಲ ವಿಷಯ, ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಈಗ ಐಚ್ಛಿಕ ವಿಷಯವೇ ಇಲ್ಲ. ಪ್ರಬಂಧ, ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆ, ಜೊತೆಗೆ ಪಾಸಾದರೆ ಸಾಕಾದ ಕನ್ನಡ ಮತ್ತು ಇಂಗ್ಲಿಷ್. ಯುಪಿಎಸ್‌ಸಿಯಲ್ಲಿ ಮಾತ್ರ ಅರ್ಥಶಾಸ್ತ್ರವನ್ನು ಐಚ್ಛಿಕವಾಗಿ ತಗೊಳ್ಳಬಹುದು, ತಲಾ 250 ಅಂಕದ ಎರಡು ಪತ್ರಿಕೆ. ಹಾಗಾಗಿ "ಕೆಎಎಸ್‌ಗೆ ಯಾವ ಎಲೆಕ್ಟಿವ್" ಎಂಬ ಪ್ರಶ್ನೆಗೆ ನೇರ ಉತ್ತರ ಇಲ್ಲ.

ಆದರೆ ಸಾರ್ವಜನಿಕ ಹಣಕಾಸು ಓದಿದವರ ಉತ್ತರ ಪತ್ರಿಕೆಯ ತೂಕವೇ ಬೇರೆ. ಒಂದು ಉದಾಹರಣೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಪಾಲಿನಲ್ಲಿ ಕರ್ನಾಟಕದ್ದು 14ನೇ ಹಣಕಾಸು ಆಯೋಗದಲ್ಲಿ 4.713 ಪರ್ಸೆಂಟ್ ಇತ್ತು. 15ನೆಯದರಲ್ಲಿ 3.647ಕ್ಕೆ ಇಳಿಯಿತು. "ನಮಗೆ ಅನ್ಯಾಯ" ಅಂತ ಎಲ್ಲರೂ ಬರೆಯುತ್ತಾರೆ. ಯಾಕೆ ಇಳಿಯಿತು ಅಂತ ಬರೆಯುವವರು ಕಡಿಮೆ. ಹಂಚಿಕೆಯ ಸೂತ್ರದಲ್ಲಿ ತಲಾ ಆದಾಯದ ಅಂತರಕ್ಕೆ 45 ಪರ್ಸೆಂಟ್ ತೂಕ ಇತ್ತು. ಶ್ರೀಮಂತ ರಾಜ್ಯದಿಂದ ನೀವು ಎಷ್ಟು ಹಿಂದಿದ್ದೀರೋ ಅಷ್ಟು ಜಾಸ್ತಿ ಪಾಲು. ಬೆಂಗಳೂರಿನ ಆದಾಯ ಸೇರಿ ನಮ್ಮ ತಲಾ ಆದಾಯದ ಅಂಕಿ ಏರಿ ಕೂತಿತು. ಜೊತೆಗೆ ಲೆಕ್ಕಕ್ಕೆ ತಗೊಂಡ ಜನಸಂಖ್ಯೆ 2011ರದ್ದು. ಇಷ್ಟು ಗೊತ್ತಿದ್ದರೆ ಅನ್ಯಾಯ ಎಂಬ ವಾದವನ್ನೂ ಗಟ್ಟಿಯಾಗಿ ಮಾಡಬಹುದು.

ಯಾದಗಿರಿಯ ರೈತನಿಗೂ ಬೆಂಗಳೂರಿನ ಆದಾಯದ ಸರಾಸರಿ ಅಂಟಿಸಿದ್ದಾರೆ, ಅದು ಬೇರೆ ಮಾತು. ಸಿಟ್ಟು ಬರುತ್ತೆ.

ಚಾಕ್‌ಪೀಸ್_ಧೂಳು
(ಶುಕ್ರವಾರ, ಬೆಳಿಗ್ಗೆ 8:30)

ನಾನು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಅರ್ಥಶಾಸ್ತ್ರವೇ. ಒಳಗಿನವಳಾಗಿ ಎರಡು ಮಾತು.

ಎಲೆಕ್ಟಿವ್ ಪಟ್ಟಿಯಲ್ಲಿ ಏನಿದೆ ಎಂಬುದಕ್ಕಿಂತ ಅದನ್ನು ಯಾರು ಪಾಠ ಮಾಡುತ್ತಾರೆ ಎಂಬುದು ಮುಖ್ಯ. ಪಟ್ಟಿ ವಿಶ್ವವಿದ್ಯಾಲಯದಿಂದ ಬರುತ್ತದೆ. ಪಾಠ ಮಾಡುವವರು ನಿಮ್ಮ ಕಾಲೇಜಿನಲ್ಲಿ ಇರುವವರೇ. ನಾನು ಹಿಂದೆ ಇದ್ದ ಒಂದು ಕಾಲೇಜಿನಲ್ಲಿ ಎಕನಾಮೆಟ್ರಿಕ್ಸ್ ಅನ್ನು ನನಗೆ ಕೊಟ್ಟರು, ಜುಲೈನಲ್ಲಿ ಹೇಳಿ ಆಗಸ್ಟಿನಲ್ಲಿ ಶುರು. ಪ್ರತಿ ರಾತ್ರಿ ನಾನೇ ಓದಿ ಬೆಳಿಗ್ಗೆ ಹೋಗಿ ಹೇಳುತ್ತಿದ್ದೆ. ಲ್ಯಾಬಿನಲ್ಲಿ ಹನ್ನೆರಡು ಕಂಪ್ಯೂಟರ್, ಆನ್ ಆಗುತ್ತಿದ್ದುದು ಐದು. ಆ ಮಕ್ಕಳಿಗೆ ನಾನು ಎಷ್ಟು ನ್ಯಾಯ ಮಾಡಿದೆ ಅಂತ ಇವತ್ತಿಗೂ ಗೊತ್ತಿಲ್ಲ. ಹಾಗಾಗಿ ಸುಮ್ನೆ ಹೆಸರು ನೋಡಿ ಎಕನಾಮೆಟ್ರಿಕ್ಸ್ ಹಾಕಬೇಡಿ. ನಾಳೆ ಹೋಗಿ ಮೂರು ಪ್ರಶ್ನೆ ಕೇಳಿ. ಯಾರು ತಗೊಳ್ಳುತ್ತಾರೆ? ಪ್ರಾಕ್ಟಿಕಲ್ ಇದೆಯೇ? ಪ್ರಾಜೆಕ್ಟ್ ಇದೆಯೇ?

ಎರಡನೆಯದು, ಲೆಕ್ಚರರ್ ಆಗುವ ದಾರಿ. ಪಿಯು ಕಾಲೇಜಿಗೆ ಎಂಎ ಜೊತೆ ಬಿಎಡ್ ಬೇಕು. ಡಿಗ್ರಿ ಕಾಲೇಜಿಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ಎಂಎಗೆ ಬಂದ ಮೇಲೆ ಸಂಖ್ಯಾಶಾಸ್ತ್ರದಿಂದ, ಎಕನಾಮೆಟ್ರಿಕ್ಸ್‌ನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಇಲ್ಲಿ ಒಂದು ಸಲ ಮುಖ ನೋಡಿದ್ದರೆ ಅಲ್ಲಿ ಗಾಬರಿ ಆಗುವುದಿಲ್ಲ, ಅಷ್ಟೆ.

ಗೊರೂರು_ಹಿನ್ನೀರು
(ಶುಕ್ರವಾರ, ಮಧ್ಯಾಹ್ನ 1:50)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮ್ಯಾನೇಜರ್ ಸರ್, ನಿಮ್ಮ ಮಾತು ಅಪ್ಪನಿಗೆ ಓದಿ ಹೇಳಿದೆ. "ಅವರು ಹೇಳಿದರೆ ಸರಿ ಇರುತ್ತೆ" ಅಂದರು. ನಾನು ಎರಡು ವರ್ಷದಿಂದ ಇದನ್ನೇ ಹೇಳುತ್ತಿದ್ದೆ!

ಇವತ್ತು ಕಾಲೇಜಿಗೆ ಹೋಗಿದ್ದೆ. ಎಕನಾಮೆಟ್ರಿಕ್ಸ್ ತಗೊಳ್ಳುವವರು ಹೊಸ ಸರ್, ಕಳೆದ ವರ್ಷ ವರ್ಗವಾಗಿ ಬಂದವರು. "ಹದಿನೈದು ಜನ ಕರ್ಕೊಂಡು ಬಾ, ನಾನು ರೆಡಿ. ಲ್ಯಾಬ್ ಇಲ್ಲದಿದ್ದರೆ ನನ್ನ ಲ್ಯಾಪ್‌ಟಾಪ್ ಇದೆ" ಅಂದರು. ಪ್ರಾಜೆಕ್ಟ್ ಇದೆಯಂತೆ.

ಈಗ ನನ್ನ ನಿಜವಾದ ಭಯ ಕೇಳುತ್ತೇನೆ. ಗಣಿತ ಎಷ್ಟು ಬೇಕು? ದಯವಿಟ್ಟು "ಸ್ವಲ್ಪ ಇದ್ದರೆ ಸಾಕು" ಅನ್ನಬೇಡಿ. ಯಾವ ಯಾವ ಪಾಠ ಅಂತ ಹೇಳಿ.

ಸಿಗ್ಮಾ_ಶಿರಸಿ
(ಶುಕ್ರವಾರ, ಸಂಜೆ 6:20)

ಇಂಥ ಪ್ರಶ್ನೆ ಕೇಳಿದರೆ ಉತ್ತರ ಕೊಡಲು ಖುಷಿ. ನಾನು ದೆಹಲಿಯಲ್ಲಿ ಎಂಎ ಮಾಡಿದವಳು.

ಬಿಎ ಮಟ್ಟದ ಎಕನಾಮೆಟ್ರಿಕ್ಸ್‌ಗೆ ಬೇಕಾದದ್ದು: ಸಂಕಲನ ಚಿಹ್ನೆ ಓದಲು ಬರಬೇಕು. ಸರಾಸರಿ, ವಿಚಲನೆ, ಸಹಸಂಬಂಧ ಕೈಯಲ್ಲಿ ಲೆಕ್ಕ ಮಾಡಿರಬೇಕು. ಸರಳ ರೇಖೆಯ ಸಮೀಕರಣ ಗೊತ್ತಿರಬೇಕು, ಅದು ಹತ್ತನೇ ತರಗತಿಯದ್ದೇ. ಸಂಭವನೀಯತೆಯ ಮೊದಲ ಪಾಠ. ಲಾಗರಿದಮ್. ಅವಕಲನ, ಅಂದರೆ ಡಿಫರೆನ್ಸಿಯೇಶನ್, ಬರೀ ಒಂದು ಕಡೆ ಬರುತ್ತದೆ, ಸೂತ್ರ ಎಲ್ಲಿಂದ ಬಂತು ಅಂತ ತೋರಿಸುವಾಗ.

ಲಾಗ್ ಅಂದರೆ ಹೆದರಬೇಡ ತಂಗಿ. ನಮ್ಮ ಮನೆಯಲ್ಲಿ ಅಡಿಕೆ. ಕ್ವಿಂಟಲ್‌ಗೆ ಎರಡು ಸಾವಿರ ಇಳಿಯಿತು ಅಂದರೆ ಅಪ್ಪ ಮೊದಲು ಕೇಳುವುದು "ಎಷ್ಟರಿಂದ ಇಳಿಯಿತು?" ಅಂತ. ಐವತ್ತು ಸಾವಿರದಿಂದ ಎರಡು ಸಾವಿರ ಇಳಿಯುವುದು ಬೇರೆ, ಹತ್ತು ಸಾವಿರದಿಂದ ಇಳಿಯುವುದು ಬೇರೆ. ಆ "ಎಷ್ಟರಿಂದ" ಎಂಬ ಪ್ರಶ್ನೆಯನ್ನು ಸಮೀಕರಣದೊಳಗೆ ಕೂರಿಸುವ ಉಪಾಯವೇ ಲಾಗ್. ಹಾವೇರಿಯವರು ಹೇಳಿದ 0.08 ಕೂಡ ಬಹುಶಃ ಅದೇ. ಕೂಲಿಯನ್ನು ಲಾಗ್ ಮಾಡಿದ್ದರೆ, ಒಂದು ವರ್ಷ ಜಾಸ್ತಿ ಓದಿದವರ ಕೂಲಿ ಸುಮಾರು 8 ಪರ್ಸೆಂಟ್ ಜಾಸ್ತಿ ಇದೆ ಎಂದರ್ಥ. ಓದಿದ್ದರಿಂದಲೇ ಜಾಸ್ತಿಯಾಯಿತು ಅಂತ ಅಲ್ಲ. ಆ ವ್ಯತ್ಯಾಸ ಅರ್ಥವಾದರೆ ಅರ್ಧ ಕೋರ್ಸ್ ಮುಗಿದ ಹಾಗೆ.

ಆದರೆ ಒಂದು ಎಚ್ಚರಿಕೆ. ಡೆಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ (ಡಿಎಸ್‌ಇ) ಅಥವಾ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ (ಐಎಸ್‌ಐ) ಅರ್ಥಶಾಸ್ತ್ರದ ಸ್ನಾತಕೋತ್ತರ ಕೋರ್ಸ್ ಎಂಎಸ್‌ಕ್ಯೂಇ ಮೇಲೆ ಕಣ್ಣಿದ್ದರೆ ಇಷ್ಟು ಸಾಲದು. ಐಎಸ್‌ಐ ಪ್ರವೇಶ ಪರೀಕ್ಷೆಯಲ್ಲಿ ಗಣಿತಕ್ಕೇ ಒಂದು ಪೂರ್ತಿ ಪತ್ರಿಕೆ. ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್, ಸಂಭವನೀಯತೆ ಎಲ್ಲ ಬೇಕು. ಯಾವ ಎಲೆಕ್ಟಿವೂ ಅದನ್ನು ತುಂಬಿಕೊಡುವುದಿಲ್ಲ, ಪಿಯು ಗಣಿತದ ಪುಸ್ತಕ ಹಿಡಿದು ಒಂದು ವರ್ಷ ಕೂರಬೇಕು. ನಾನು ಹಾಗೆ ಕೂತವಳು, ಮಳೆಗಾಲ ಪೂರ್ತಿ. ಡಿಎಸ್‌ಇ ಕಟ್ಟಿದ್ದು ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್, 1949ರಲ್ಲಿ. ಅವರೇ 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆ ಶುರು ಮಾಡಿದರು. ನಾಗರಬಾವಿಯ ಆ ಲೈಬ್ರರಿ ಒಂದು ಸಲ ನೋಡಿ ಬಾ.

ಇದು ಈ ಹುಡುಗಿಗಲ್ಲ, ಓದುತ್ತಿರುವ ಪಿಯು ಮಕ್ಕಳಿಗೆ: ಡಿಗ್ರಿ ಸೇರುವಾಗ ಸಾಧ್ಯವಾದರೆ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಇರುವ ಕಾಂಬಿನೇಶನ್ ನೋಡಿ. ಇಂಡಿಯನ್ ಸ್ಟಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆಗೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿದ್ದರೆ ಸಾಕು, ಎಂಎ ಬೇಡ. ಎಸ್‌ಎಸ್‌ಸಿ (ಸ್ಟಾಫ್ ಸೆಲೆಕ್ಷನ್ ಕಮಿಷನ್) ತುಂಬುವ ಜೂನಿಯರ್ ಸ್ಟಾಟಿಸ್ಟಿಕಲ್ ಆಫೀಸರ್ ಹುದ್ದೆಗೂ ಅದೇ ದಾರಿ, ಇಲ್ಲವೇ ಪಿಯು ಗಣಿತದಲ್ಲಿ 60 ಪರ್ಸೆಂಟ್. ಎಲೆಕ್ಟಿವ್‌ನಲ್ಲಿ ಸ್ವಲ್ಪ ಸ್ಟಾಟಿಸ್ಟಿಕ್ಸ್ ಓದಿದೆ ಎಂದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿ ಹಾಕುವಾಗ ಇದು ಗೊತ್ತಾಗಿ ಅತ್ತವರನ್ನು ನೋಡಿದ್ದೇನೆ.

ನಿವೃತ್ತ_ಮ್ಯಾನೇಜರ್
(ಶುಕ್ರವಾರ, ರಾತ್ರಿ 8:45)

ಶಿರಸಿಯ ಮಗಳು ಚೆನ್ನಾಗಿ ಹೇಳಿದಳು. ನಾನು ಹೇಳಿದ ಶುಂಠಿ ಕಥೆಗೂ ಪುಸ್ತಕದಲ್ಲಿ ಹೆಸರು ಇದೆಯಂತಲ್ಲ?

ಸಿಗ್ಮಾ_ಶಿರಸಿ
(ಶುಕ್ರವಾರ, ರಾತ್ರಿ 9:02)

ಇದೆ ಸರ್, ಕಾಬ್‌ವೆಬ್ ಮಾದರಿ, ಜೇಡರ ಬಲೆ. ಈ ವರ್ಷದ ಬೆಲೆ ನೋಡಿ ರೈತ ಬಿತ್ತುತ್ತಾನೆ, ಮಾರುವುದು ಮುಂದಿನ ವರ್ಷದ ಬೆಲೆಗೆ. ಬೆಲೆ ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಗೆರೆ ಎಳೆದರೆ ಬಲೆಯ ಹಾಗೆ ಕಾಣುತ್ತದೆ. ಕೋಲಾರದ ಟೊಮೆಟೊಗೂ ಅದೇ ಪಾಡು. 2023ರ ಜುಲೈನಲ್ಲಿ ಕೆಜಿಗೆ ನೂರು ರೂಪಾಯಿ ದಾಟಿತ್ತು, ಬೇರೆ ವರ್ಷ ರಸ್ತೆಗೆ ಸುರಿಯುತ್ತಾರೆ.

ಹಾವೇರಿ_ಟು_ಹೆಬ್ಬಾಳ
(ಶುಕ್ರವಾರ, ರಾತ್ರಿ 10:30)

ಸರಿ, "ಉಳಿದ ನಾಲ್ಕು ಮನೆಯಲ್ಲೇ ಓದಬಹುದು" ಅಂದಿದ್ದು ಜಾಸ್ತಿಯಾಯಿತು. ವಾಪಸ್ ತಗೊಳ್ಳುತ್ತೇನೆ. ಎಕನಾಮೆಟ್ರಿಕ್ಸ್ ಒಂದು ಸೌಟು. ಪಾತ್ರೆಯಲ್ಲಿ ಏನಾದರೂ ಇರಬೇಕಲ್ಲ. ಲೇಬರ್ ಹಾಕಿದರೆ ಏನು ಬಡಿಸಬಹುದು ಅಂತ ತೋರಿಸುತ್ತೇನೆ.

ಶಕ್ತಿ ಯೋಜನೆ ಶುರುವಾಗಿದ್ದು 11 ಜೂನ್ 2023. ಹೆಂಗಸರಿಗೆ ಬಸ್ ಉಚಿತ. ಇದರಿಂದ ಕೆಲಸಕ್ಕೆ ಹೋಗುವ ಹೆಂಗಸರು ಜಾಸ್ತಿಯಾದರೇ? ಒಬ್ಬ ಸುಮ್ನೆ ಮುಂಚಿನ ಅಂಕಿ, ಆಮೇಲಿನ ಅಂಕಿ ನೋಡಿ "ಹೌದು" ಅಂತಾನೆ. ಆದರೆ ಇಡೀ ದೇಶದಲ್ಲೇ ಆ ಅಂಕಿ ಏರುತ್ತಿದೆ. ಪಿಎಲ್‌ಎಫ್‌ಎಸ್ ಅಂತ ಉದ್ಯೋಗದ ಬಗ್ಗೆ ಸರ್ಕಾರದ ಸಮೀಕ್ಷೆ ಇದೆ. ಅದರ ಪ್ರಕಾರ 15 ವರ್ಷ ದಾಟಿದ ಹೆಂಗಸರಲ್ಲಿ ದುಡಿಯುವವರು ಮತ್ತು ಕೆಲಸ ಹುಡುಕುವವರು ಸೇರಿ 2017-18ರಲ್ಲಿ 23.3 ಪರ್ಸೆಂಟ್. 2023-24ರಲ್ಲಿ 41.7. ಬಿಹಾರದಲ್ಲೂ ಶಕ್ತಿ ಯೋಜನೆ ಇತ್ತೇ? ಇಲ್ಲವಲ್ಲ.

ಹಾಗಾದರೆ ಏನು ಮಾಡಬೇಕು? ನಮ್ಮಂತೆಯೇ ಇರುವ, ಆದರೆ ಬಸ್ ಉಚಿತ ಇಲ್ಲದ ರಾಜ್ಯ ಹುಡುಕಬೇಕು. ಅಲ್ಲಿ ಎಷ್ಟು ಏರಿತು, ಇಲ್ಲಿ ಎಷ್ಟು ಏರಿತು, ಎರಡರ ವ್ಯತ್ಯಾಸ ನೋಡಬೇಕು. ತಮಿಳುನಾಡು ಬೇಡ, ಅಲ್ಲಿ 2021ರಿಂದಲೇ ಉಚಿತ. ತೆಲಂಗಾಣ ಬೇಡ, ಡಿಸೆಂಬರ್ 2023ರಲ್ಲಿ ಶುರು ಮಾಡಿದರು, ವರ್ಷದ ನಡುವೆ. ಮಹಾರಾಷ್ಟ್ರದಲ್ಲಿ ಮಾರ್ಚ್ 2023ರಿಂದ ಅರ್ಧ ಟಿಕೆಟ್. ಉಳಿದದ್ದು ಆಂಧ್ರ, ಅಲ್ಲಿ ಬಂದಿದ್ದು ಆಗಸ್ಟ್ 2025ರಲ್ಲಿ. ಇನ್ನೊಂದು ಅದೃಷ್ಟ ನೋಡಿ. ಆಗ ಪಿಎಲ್‌ಎಫ್‌ಎಸ್ ವರ್ಷ ಜುಲೈನಿಂದ ಜೂನ್. ಶಕ್ತಿ ಶುರುವಾಗಿದ್ದು ಜೂನ್‌ನಲ್ಲಿ. 2022-23 ಬಹುತೇಕ "ಮುಂಚೆ", 2023-24 ಪೂರ್ತಿ "ಆಮೇಲೆ". ಯಾರೋ ನಮಗಾಗಿಯೇ ಕತ್ತರಿಸಿ ಕೊಟ್ಟ ಹಾಗಿದೆ.

ಡೇಟಾ ಉಚಿತ, ಅಂಕಿಅಂಶ ಸಚಿವಾಲಯದ ಸೈಟಿನಲ್ಲಿ ಸಿಗುತ್ತದೆ. ಲೆಕ್ಕ ಮಾಡುವ ಸಾಫ್ಟ್‌ವೇರ್‌ಗಳಾದ ಆರ್, ಗ್ರೆಟಲ್ ಕೂಡ ಉಚಿತ. ಫೈಲ್ ಮೊದಲ ಸಲ ತೆರೆದಾಗ ಬರೀ ಅಂಕಿಗಳ ಸಾಲು ಕಾಣುತ್ತದೆ, ಅಳು ಬರುತ್ತದೆ. ಎಲ್ಲರಿಗೂ ಬಂದಿದೆ. ಹಾಸನ ಜಿಲ್ಲೆಯದ್ದೇ ಬೇಕು ಅಂತ ಮಾತ್ರ ಹೋಗಬೇಡಿ, ಒಂದೊಂದು ಜಿಲ್ಲೆಗೆ ಸ್ಯಾಂಪಲ್ ತೀರಾ ಚಿಕ್ಕದು.

ಫೈಲು_ಪಹಣಿ
(ಶನಿವಾರ, ಬೆಳಿಗ್ಗೆ 6:55)

ಇದನ್ನು ಮೊದಲೇ ಹೇಳಿದ್ದರೆ ನಾನು ಜಗಳಕ್ಕೇ ಬರುತ್ತಿರಲಿಲ್ಲ ಮಾರಾಯ್ರೇ. ಆದರೆ ಒಂದು ಪ್ರಶ್ನೆ. ನಮ್ಮ ಹೋಬಳಿಯ ಎಷ್ಟೋ ಊರಿಗೆ ದಿನಕ್ಕೆ ಎರಡೇ ಬಸ್ಸು. ಬಸ್ಸೇ ಇಲ್ಲದ ಊರಿಗೆ ಉಚಿತ ಬಸ್ಸಿನಿಂದ ಏನು? ಅದು ನಿಮ್ಮ ಲೆಕ್ಕದಲ್ಲಿ ಕಾಣುತ್ತದೆಯೇ?

ಹಾವೇರಿ_ಟು_ಹೆಬ್ಬಾಳ
(ಶನಿವಾರ, ಬೆಳಿಗ್ಗೆ 9:15)

ಕಾಣುವುದಿಲ್ಲ. ಒಳ್ಳೆಯ ಪ್ರಶ್ನೆ. ಅದಕ್ಕೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಐವತ್ತು ಹೆಂಗಸರನ್ನು ಮಾತಾಡಿಸಬೇಕು. ಅದೂ ಪ್ರಾಜೆಕ್ಟೇ. ಬೆಂಗಳೂರಿನಲ್ಲಿ ಕೂತ ನನಗೆ ಆಗದ್ದು, ಹಾಸನದಲ್ಲಿರುವ ಇವರಿಗೆ ಆಗುತ್ತದೆ.

ರೈನ್_ದಂಡೆ_ಕನ್ನಡಿಗ
(ಶನಿವಾರ, ಮಧ್ಯಾಹ್ನ 3:30)

ಜರ್ಮನಿಯಿಂದ ಬರೆಯುತ್ತಿದ್ದೇನೆ, ಇಲ್ಲಿ ಎಕನಾಮಿಕ್ಸ್ ಮಾಸ್ಟರ್ಸ್ ಮಾಡುತ್ತಿದ್ದೇನೆ. ನಿಮಗೆ ಈಗ ಬೇಡದ ವಿಷಯ ಇರಬಹುದು, ಆದರೂ ಹೇಳಿಬಿಡುತ್ತೇನೆ.

ಎಲೆಕ್ಟಿವ್ ಯಾವುದೇ ಇರಲಿ, ಸಿಲಬಸ್ ಪ್ರತಿ ತೆಗೆದಿಟ್ಟುಕೊಳ್ಳಿ, ಕಾಲೇಜಿನ ಸೀಲ್ ಹಾಕಿಸಿ. ಇಲ್ಲಿ ಅರ್ಜಿ ಹಾಕುವಾಗ ಗಣಿತ, ಸಂಖ್ಯಾಶಾಸ್ತ್ರ, ಎಕನಾಮೆಟ್ರಿಕ್ಸ್ ಎಷ್ಟು ಕ್ರೆಡಿಟ್ ಓದಿದ್ದೀರಿ ಅಂತ ಎಣಿಸುತ್ತಾರೆ. ಇಲ್ಲಿಯ ಲೆಕ್ಕದಲ್ಲಿ ಒಂದು ವರ್ಷಕ್ಕೆ 60 ಕ್ರೆಡಿಟ್. ಅಂಕಪಟ್ಟಿಯಲ್ಲಿ ಬರೀ "ಎಲೆಕ್ಟಿವ್ 2" ಅಂತ ಇದ್ದರೆ ಅದರೊಳಗೆ ಏನಿತ್ತು ಅಂತ ಇವರಿಗೆ ಹೇಗೆ ಗೊತ್ತಾಗಬೇಕು? ನನ್ನದರಲ್ಲಿ ಹಾಗೇ ಇತ್ತು. ಹಳೆಯ ಸಿಲಬಸ್ಸಿಗೆ ಒಂದು ಸಹಿ ಹಾಕಿಸಲು ಊರಿನಲ್ಲಿ ನನ್ನ ತಮ್ಮ ಹನ್ನೊಂದು ಸಲ ಆಫೀಸಿಗೆ ಅಲೆದ. ಯಾವ ಆಫೀಸು ಅಂತ ಹೇಳುವುದಿಲ್ಲ.

ಕರ್ನಾಟಕ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಬಂದಿದೆ ಅಲ್ವಾ. ಹೊರದೇಶದಲ್ಲಿ ಕೆಲವು ಕಡೆ ಮೂರು ವರ್ಷ ಒಪ್ಪುತ್ತಾರೆ, ಕೆಲವು ಕಡೆ ಇಲ್ಲ. ಎಂಎ ಅಲ್ಲೇ ಮುಗಿಸಿ ಬರುವುದೂ ಒಂದು ದಾರಿ.

ಐಇಎಸ್_ಎರಡನೇ_ಸಲ
(ಶನಿವಾರ, ರಾತ್ರಿ 9:50)

ಇಂಡಿಯನ್ ಎಕನಾಮಿಕ್ ಸರ್ವಿಸ್ ಬಗ್ಗೆ ಯಾರೂ ಹೇಳಲಿಲ್ಲ. ಯುಪಿಎಸ್‌ಸಿಯೇ ನಡೆಸುವುದು. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು, ವಯಸ್ಸು 21ರಿಂದ 30 (ಮೀಸಲಾತಿಯವರಿಗೆ ಸಡಿಲಿಕೆ ಇದೆ). ಜನರಲ್ ಎಕನಾಮಿಕ್ಸ್ ಮೂರು ಪತ್ರಿಕೆ, ಇಂಡಿಯನ್ ಎಕನಾಮಿಕ್ಸ್ ಒಂದು, ತಲಾ 200 ಅಂಕ. ಮೊದಲ ಪತ್ರಿಕೆಯಲ್ಲೇ ಗಣಿತ, ಸಂಖ್ಯಾಶಾಸ್ತ್ರ, ಎಕನಾಮೆಟ್ರಿಕ್ಸ್ ಬರುತ್ತವೆ. ನಾನು ಮೊದಲ ಸಲ ಜಾರಿದ್ದು ಅಲ್ಲೇ. ಸಾರ್ವಜನಿಕ ಹಣಕಾಸು ಮೂರನೆಯದರಲ್ಲಿ ಬರುತ್ತದೆ.

ಆರ್‌ಬಿಐ ಗ್ರೇಡ್ ಬಿ ಅಧಿಕಾರಿ ಹುದ್ದೆಯೂ ಇದೆ. ಜನರಲ್ ವಿಭಾಗಕ್ಕೆ ಯಾವ ಪದವಿಯಾದರೂ ಸರಿ, ಆದರೆ ಸಾಮಾನ್ಯ ವರ್ಗಕ್ಕೆ 60 ಪರ್ಸೆಂಟ್ ಬೇಕು. ಹಾಗಾಗಿ ಮಾರ್ಕ್ಸ್ ನೋಡಿ ಎಲೆಕ್ಟಿವ್ ಆರಿಸುವವರನ್ನು ಬೈಯಬೇಡಿ. 59 ಬಂದರೆ ಬರೀ ಪದವಿಯ ಮೇಲೆ ಬಾಗಿಲೇ ತೆರೆಯುವುದಿಲ್ಲ.

ಚಾಕ್‌ಪೀಸ್_ಧೂಳು
(ಶನಿವಾರ, ರಾತ್ರಿ 10:20)

ಕೊನೆಯ ಮಾತು ನಿಜ. ಒಂದು ಕಷ್ಟದ ಪೇಪರ್, ಒಂದು ಮನಸ್ಸಿಗೆ ಹಿಡಿಸುವ ಪೇಪರ್. ಎರಡೂ ಕಷ್ಟದ್ದೇ ಹಾಕಿಕೊಂಡು ಮೆರೆಯುವುದು ಬೇಡ ಅಂತ ನನ್ನ ಮಕ್ಕಳಿಗೂ ಹೇಳುತ್ತೇನೆ.

ಗೊರೂರು_ಹಿನ್ನೀರು
(ಭಾನುವಾರ, ರಾತ್ರಿ 9:30)

ತೀರ್ಮಾನ ಮಾಡಿದೆ. ಎಕನಾಮೆಟ್ರಿಕ್ಸ್, ಕೃಷಿ ಅರ್ಥಶಾಸ್ತ್ರ.

ಪಹಣಿ ಅಣ್ಣ, ಸಾರ್ವಜನಿಕ ಹಣಕಾಸು ಬಿಟ್ಟಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅದನ್ನು ಕೆಎಎಸ್‌ಗೆ ಹೇಗೂ ಓದಲೇಬೇಕು. ಲೇಬರ್ ಬಿಟ್ಟರೂ ಬಸ್ಸಿನ ಪ್ರಾಜೆಕ್ಟ್ ಬಿಡುವುದಿಲ್ಲ, ಎಕನಾಮೆಟ್ರಿಕ್ಸ್‌ಗೇ ಅದನ್ನು ಮಾಡಬಹುದು ಅಂದರು ಸರ್. ಕೃಷಿಯದ್ದಕ್ಕೆ ಶುಂಠಿ ಬೆಲೆ.

ಅಪ್ಪನಿಗೆ ರಿಗ್ರೆಶನ್ ಅಂದರೇನು ಅಂತ ಹೇಳಲು ಹೋದೆ. ಅಂಗಡಿಯ ಉದ್ರಿ ಪುಸ್ತಕ ಮುಂದಿಟ್ಟು, "ಶುಂಠಿ ಬೆಲೆ ಬಿದ್ದ ವರ್ಷ ಯಾರು ಯಾರು ಬಾಕಿ ಉಳಿಸಿಕೊಂಡರು ಅಂತ ಇದರಲ್ಲಿದೆ, ಬೇಕಾದರೆ ತಗೋ" ಅಂದರು. ಹದಿನಾಲ್ಕು ವರ್ಷದ್ದು ಇದೆ. ಮ್ಯಾನೇಜರ್ ಸರ್, ಇದು ಡೇಟಾ ಆಗುತ್ತಾ?

ಈಗ ತೊಂದರೆ ಒಂದೇ. ನಿನ್ನೆ ಇವತ್ತು ಫೋನ್ ಮಾಡಿ ಮಾಡಿ ಹನ್ನೆರಡು ಜನ ಆದೆವು. ಇಬ್ಬರು "ಪ್ರಾಜೆಕ್ಟಿಗೆ ಬಸ್ಸಿನಲ್ಲಿ ಸುತ್ತುವುದಾದರೆ ಬರುತ್ತೇವೆ" ಅಂತ ಸೇರಿದರು, ಅವರಿಗೆ ಲಾಗರಿದಮ್ ವಿಷಯ ಇನ್ನೂ ಹೇಳಿಲ್ಲ.

ನಿವೃತ್ತ_ಮ್ಯಾನೇಜರ್
(ಭಾನುವಾರ, ರಾತ್ರಿ 10:05)

ಆಗುತ್ತೆ ತಾಯಿ, ಚಿನ್ನದಂಥ ಡೇಟಾ. ಬ್ಯಾಂಕಿನಲ್ಲೂ ಅಂಥ ಪುಸ್ತಕ ಸಿಗುವುದಿಲ್ಲ. ಆದರೆ ಹೆಸರುಗಳನ್ನು ತೆಗೆದು ನಂಬರ್ ಹಾಕಿಕೋ. ಊರಿನವರ ಸಾಲದ ವಿಷಯ ಕಾಲೇಜಿನಲ್ಲಿ ಹರಡಬಾರದು.

ಬೆಣ್ಣೆದೋಸೆ_ಭಕ್ತ
(ಭಾನುವಾರ, ರಾತ್ರಿ 10:11)

ಇನ್ನು ಮೂರು ಜನ ಬೇಕು ಅಂದರೆ ನಾನೇ ಸೇರಿಕೊಳ್ಳುತ್ತಿದ್ದೆ. ವಯಸ್ಸು 58.

ಗೊರೂರು_ಹಿನ್ನೀರು
(ಸೋಮವಾರ, ಬೆಳಿಗ್ಗೆ 7:35)

ಹದಿನಾಲ್ಕು! ರಾತ್ರಿ ಇಬ್ಬರು ಒಪ್ಪಿದರು. ಹತ್ತೂವರೆಗೆ ಫಾರ್ಮ್ ಕೊಡಬೇಕು. ಸಕಲೇಶಪುರ ಕಡೆಯ ಒಬ್ಬಳು ಉಳಿದಿದ್ದಾಳೆ, ಊರಿನಲ್ಲಿ ನೆಟ್‌ವರ್ಕ್ ಇಲ್ಲ, ಫೋನ್ ಹತ್ತುತ್ತಿಲ್ಲ. ಅವಳ ಬಸ್ 8:20ಕ್ಕೆ ಬರುತ್ತೆ. ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತೇನೆ, ಇನ್ನೊಂದು ಖಾಲಿ ಫಾರ್ಮ್ ಇಟ್ಟುಕೊಂಡಿದ್ದೇನೆ.